ಅಲೆಮಾರಿ ದುಡಿಮೆಯೂ ಮತದ ಹಕ್ಕೂ



ಡೊಂಬಿವಲಿ, ಮುಲುಂಡ್‌ಗಳ ಕನ್ನಡ ಮನೆಗಳ ಯುವಜನರು ಇಂದು ಲ್ಯಾಪ್‌ಟಾಪ್ ಒಂದನ್ನೇ ನೆಚ್ಚಿ ದೇಶದೇಶಗಳಲ್ಲಿ ನೆಲೆಸಿ ದುಡಿಯಬಲ್ಲರು. ಇಂಥವರಿಗಾಗಿ ಎಸ್ಟೋನಿಯಾ 2020ರಲ್ಲಿಯೇ ಪ್ರತ್ಯೇಕ ವೀಸಾ ನೀಡತೊಡಗಿತು. ಅವರ ಸಂಪಾದನೆ ಕ್ಷಣಾರ್ಧದಲ್ಲಿ ಮುಂಬಯಿಯ ಮನೆಯನ್ನು ಸೇರುತ್ತದೆ. ಮತ ಮಾತ್ರ ಸೇರದು.

2010ರ ತಿದ್ದುಪಡಿಯು ವಿದೇಶದಲ್ಲಿರುವ ನಾಗರಿಕರಿಗೆ ಮತದಾರರ ಪಟ್ಟಿಯಲ್ಲಿ ಸ್ಥಾನ ಕೊಟ್ಟಿತಾದರೂ, ಅವರು ಖುದ್ದಾಗಿ ಮತಗಟ್ಟೆಗೆ ಬರಲೇಬೇಕು. ಪ್ರತಿನಿಧಿಯ ಮೂಲಕ ಮತ ಚಲಾಯಿಸಲು ಅನುವು ಮಾಡುವ ಮಸೂದೆಯನ್ನು 2018ರಲ್ಲಿ ಲೋಕಸಭೆ ಅಂಗೀಕರಿಸಿತು. ರಾಜ್ಯಸಭೆಯ ಒಪ್ಪಿಗೆ ದೊರೆಯದೆ 2019ರಲ್ಲಿ ಅದು ಬಿದ್ದುಹೋಯಿತು.

ಉಪನಗರದ ರೈಲು, ನೀರು, ಆಸ್ಪತ್ರೆಗಳನ್ನು ನಂಬಿ ಬದುಕುವವರು ಇಲ್ಲಿಯೇ ಉಳಿದ ವೃದ್ಧ ತಂದೆತಾಯಿಗಳು. ಅವರ ಪರವಾಗಿಯಾದರೂ ಸಮಾಜವು ಆ ಮಸೂದೆಯನ್ನು ಮತ್ತೆ ಕೇಳಬೇಕು. ವಿಹಾರನಿರತ ಮುನಿಗೂ ಚಾತುರ್ಮಾಸದ ನಿಲುಗಡೆಯುಂಟು. ಕಾನೂನು ಬದಲಾಗುವವರೆಗೆ ಗೃಹಸ್ಥನು ಚುನಾವಣೆಯ ಕಾಲಕ್ಕಾದರೂ ಮನೆಗೆ ಮರಳಲಿ.