ಬಿದ್ದವರು ಏಳುವ ಬಗೆ



ನಿಮ್ಮಲ್ಲಿ ಕೆಲವರು ಕಂಪ್ಯೂಟರಿನಲ್ಲಿ ‘ಕೆನ್ಶಿ’ ಆಟ ಆಡುತ್ತೀರಿ. 2018ರಲ್ಲಿ ಪೂರ್ಣರೂಪದಲ್ಲಿ ಬಂದ ಈ ಆಟದಲ್ಲಿ ಯಾರೂ ಹುಟ್ಟಿನಿಂದ ವೀರರಲ್ಲ. ಭಾರ ಹೊತ್ತರೆ ಬಲ ಬೆಳೆಯುತ್ತದೆ. ಗೊಂಬೆಗೆ ಹೊಡೆದು ಕಲಿತ ವಿದ್ಯೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಮುಂದಕ್ಕೆ ಎದುರಾಳಿಯೇ ಬೇಕು. ಪೆಟ್ಟು ತಿಂದು ಬಿದ್ದು ಎದ್ದಷ್ಟೂ ತಾಳಿಕೆ ಹೆಚ್ಚುತ್ತದೆ.

ಹಳಿಯಾಳದ ಪೈಲ್ವಾನರನ್ನು ಕೇಳಿ: ಬರೀ ದಂಡ-ಬೈಠಕ್ ಸಾಲದು, ಜೋಡಿಯೊಂದಿಗೆ ಅಖಾಡಕ್ಕೆ ಇಳಿಯಬೇಕು. ಗೈಡು ಬಾಯಿಪಾಠ ಮಾಡುವುದು ಗೊಂಬೆಗೆ ಹೊಡೆದಂತೆ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದೇ ಕುಸ್ತಿ.

ಗಣಿತದಲ್ಲಿ ಫೇಲಾದ ನನ್ನೊಬ್ಬ ವಿದ್ಯಾರ್ಥಿ ಗ್ಯಾರೇಜು ಸೇರಿದ. ಆಟದಲ್ಲಿ ಬಿದ್ದವನನ್ನು ಸಂಗಡಿಗರು ಹೊತ್ತು ತರುತ್ತಾರೆ. ನಾನು ಅವನ ಮನೆಗೂ ಹೋಗಲಿಲ್ಲ. ಈ ಸಲ ಹೋಗುತ್ತೇನೆ. ನೀವೂ ಬನ್ನಿ, ಮರುಪರೀಕ್ಷೆಗೆ ಕೂರಿಸೋಣ.