ಉಪ್ಪಿನ ಹರಳಿನ ಒಳಕಟ್ಟು

ಅಡುಗೆ ಉಪ್ಪಿನ ಹರಳು ಆರು ಮುಖಗಳ ಘನವಾಗಿ ಬೆಳೆಯುವುದಕ್ಕೂ, ಏಟು ಬಿದ್ದಾಗ ಬಾಗದೆ ಸಮತಲವಾಗಿ ಸೀಳುವುದಕ್ಕೂ ಕಾರಣ ಅದರ ಪರಮಾಣುಗಳ ಹೊರಕವಚದಲ್ಲಿದೆ. ಸೋಡಿಯಂ ಪರಮಾಣುವಿನ 11 ಇಲೆಕ್ಟ್ರಾನುಗಳಲ್ಲಿ ಹೊರಕವಚದಲ್ಲಿರುವುದು ಒಂದೇ. ಕ್ಲೋರಿನ್ನಿನ ಹೊರಕವಚ ತುಂಬಲು ಬೇಕಾಗಿರುವುದೂ ಒಂದೇ. ಸೋಡಿಯಂ ಕೊಟ್ಟದ್ದನ್ನು ಕ್ಲೋರಿನ್ ಪಡೆದಾಗ ಒಂದು ಧನಾವೇಶವನ್ನೂ ಇನ್ನೊಂದು ಋಣಾವೇಶವನ್ನೂ ತಾಳುತ್ತದೆ. ಹೀಗೆ ಆವೇಶ ಹೊಂದಿದ ಕಣಗಳಿಗೆ ಅಯಾನುಗಳೆಂದೂ, ಅವುಗಳ ನಡುವಣ ಸೆಳೆತಕ್ಕೆ ಅಯಾನಿಕ ಬಂಧವೆಂದೂ ಹೆಸರು.

ಈ ಸೆಳೆತ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಹಬ್ಬುತ್ತದೆ. ಆದ್ದರಿಂದ ಸೋಡಿಯಂ ಅಯಾನು ಯಾವುದೋ ಒಂದು ಕ್ಲೋರೈಡಿಗೆ ಕಟ್ಟುಬೀಳದೆ, ಮೇಲೆ, ಕೆಳಗೆ ಮತ್ತು ನಾಲ್ಕು ಪಕ್ಕಗಳಲ್ಲಿ ಒಟ್ಟು 6 ಕ್ಲೋರೈಡ್ ಅಯಾನುಗಳನ್ನು ಸಮದೂರದಲ್ಲಿ ನಿಲ್ಲಿಸಿಕೊಳ್ಳುತ್ತದೆ. ಪ್ರತಿ ಕ್ಲೋರೈಡಿನ ಸುತ್ತಲೂ ಹಾಗೆಯೇ 6 ಸೋಡಿಯಂ ಅಯಾನುಗಳಿರುತ್ತವೆ. 1913ರಲ್ಲಿ, ಇನ್ನೂ ಇಪ್ಪತ್ತಮೂರರ ತರುಣನಾಗಿದ್ದ ಲಾರೆನ್ಸ್ ಬ್ರ್ಯಾಗ್ ಕ್ಷಕಿರಣಗಳ ನೆರವಿನಿಂದ ಈ ವಿನ್ಯಾಸವನ್ನು ತೋರಿಸಿಕೊಟ್ಟಾಗ, ಉಪ್ಪಿನ ಹರಳಿನಲ್ಲಿ ಸೋಡಿಯಂ-ಕ್ಲೋರಿನ್ ಜೋಡಿಯ ಬಿಡಿ ಅಣುವೇ ಇಲ್ಲವೆಂಬುದು ಸ್ಪಷ್ಟವಾಯಿತು. ರಸಾಯನಶಾಸ್ತ್ರಕ್ಕೆ ಇದು ಸುಲಭವಾಗಿ ಅರಗುವ ಮಾತಾಗಿರಲಿಲ್ಲ. ಹಿರಿಯ ರಸಾಯನಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಷ್ಟು ತಡವಾಗಿಯೂ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಕಟುವಾಗಿ ಪ್ರತಿಭಟಿಸಿದರು. ಅಣುವೆಂಬ ಕಲ್ಪನೆಯ ಮೇಲೆ ಒಂದು ಇಡೀ ಶಾಸ್ತ್ರವನ್ನು ಕಟ್ಟಿದ ತಲೆಮಾರಿನವರ ಆ ಕಳವಳ ಸಹಜವಾದದ್ದೇ.

ಹರಳಿನ ಪ್ರತಿ ಪದರದಲ್ಲಿಯೂ ಧನ-ಋಣ ಅಯಾನುಗಳು ಚದುರಂಗದ ಹಾಸಿನ ಮನೆಗಳಂತೆ ಒಂದರ ಪಕ್ಕ ಇನ್ನೊಂದು ಬರುತ್ತವೆ. ಏಟಿನಿಂದ ಒಂದು ಪದರ ಒಂದೇ ಸ್ಥಾನದಷ್ಟು ಸರಿದರೂ ಧನದೆದುರು ಧನ, ಋಣದೆದುರು ಋಣ ಬಂದು, ಅದುವರೆಗೆ ಹಿಡಿದಿಟ್ಟಿದ್ದ ಬಲವೇ ವಿಕರ್ಷಣೆಯಾಗಿ ಹರಳನ್ನು ಸೀಳಿಬಿಡುತ್ತದೆ. ತಾಮ್ರದಲ್ಲಾದರೋ ಹೊರಕವಚದ ಇಲೆಕ್ಟ್ರಾನುಗಳು ಇಡೀ ಲೋಹಕ್ಕೆ ಸೇರಿದ್ದು, ಪದರಗಳು ಸರಿದರೂ ಬಂಧ ಕಳಚದಿರುವುದರಿಂದ ಅದನ್ನು ತಂತಿಯಾಗಿ ಎಳೆಯಬಹುದು.

ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರಗಳಲ್ಲಿ ಸಮುದ್ರದ ನೀರು ಬಿಸಿಲಿಗೆ ಬತ್ತುವಾಗ ನಡೆಯುವುದೂ ಇದೇ ಜೋಡಣೆ. ನೀರು ನಿಧಾನವಾಗಿ ಆರಿದಷ್ಟೂ ಅಯಾನುಗಳಿಗೆ ತಮ್ಮ ಸ್ಥಾನ ಸೇರಲು ಕಾಲಾವಕಾಶ ಸಿಕ್ಕಿ ಹರಳುಗಳು ದೊಡ್ಡದಾಗುತ್ತವೆ.

ಜೋಡಣೆಯೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಮೆಗ್ನೀಸಿಯಂ ಆಕ್ಸೈಡಿನ ಅಯಾನುಗಳು ನಿಲ್ಲುವುದು ಉಪ್ಪಿನ ವಿನ್ಯಾಸದಲ್ಲಿಯೇ. ಆದರೆ ಅಲ್ಲಿ ಪ್ರತಿ ಅಯಾನಿನ ಆವೇಶ ಇಮ್ಮಡಿ, ನಡುವಣ ದೂರವೂ ಕಡಿಮೆ. ಹೀಗಾಗಿ ಉಪ್ಪು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಮೆಗ್ನೀಸಿಯಂ ಆಕ್ಸೈಡನ್ನು ಕರಗಿಸಲು ಉಷ್ಣತೆ 2800 ಡಿಗ್ರಿಯನ್ನು ದಾಟಬೇಕಾಗುತ್ತದೆ. ಉಕ್ಕಿನ ಕುಲುಮೆಗಳ ಒಳಗೋಡೆಗೆ ಜೋಡಿಸುವ ಇಟ್ಟಿಗೆಗಳನ್ನು ಅದರಿಂದ ಮಾಡುವುದು ಈ ಕಾರಣಕ್ಕಾಗಿಯೇ.