ಹಣೆಗೆ ಪಟ್ಟಿ, ಮನಸ್ಸಿಗೆ ಪಹರೆ

(ಖಾನಾಪುರದಲ್ಲಿ ಶಿಕ್ಷಕರು ಹಾಗೂ ಹೆಂಚಿನ ಕಾರ್ಖಾನೆಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮಿದುಳು ಕೆಲಸ ಮಾಡುವಾಗ ಅದರಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತು ಹರಿಯುತ್ತದೆ. ಮನುಷ್ಯನ ತಲೆಯಿಂದ ಅದನ್ನು 1924ರಲ್ಲಿ ಮೊದಲು ದಾಖಲಿಸಿದವನು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮೂರ್ಛೆರೋಗದ ಪತ್ತೆಗೆ ಇದೇ ವಿದ್ಯೆ ನೆರವಾಗುತ್ತಿದೆ. ಇಂಥ ವಿಜ್ಞಾನಕ್ಕೆ ನಮ್ಮ ವಿರೋಧವಿಲ್ಲ.

ಆದರೆ ಅದೇ ಯಂತ್ರ ಈಗ ಹಣೆಪಟ್ಟಿಯಾಗಿ ಮಾರಾಟಕ್ಕೆ ಬಂದಿದೆ. ಕಟ್ಟಿಕೊಂಡವನ ಗಮನವೆಷ್ಟು, ಬೇಸರವೆಷ್ಟು ಎಂದು ಅಂಕಿಯಲ್ಲಿ ಹೇಳುತ್ತದಂತೆ! ಚೀನದ ಜಿನ್ಹುವಾದ ಪ್ರಾಥಮಿಕ ಶಾಲೆಯೊಂದರಲ್ಲಿ ಇದನ್ನು ಮಕ್ಕಳ ಹಣೆಗೇ ಕಟ್ಟಿದರು. ಗಮನವಿದ್ದರೆ ಕೆಂಪು ದೀಪ, ಇಲ್ಲದಿದ್ದರೆ ನೀಲಿ. ಲೆಕ್ಕವೆಲ್ಲ ಮಾಸ್ತರರ ಕಂಪ್ಯೂಟರಿಗೆ. 2019ರಲ್ಲಿ ಜನ ಸಿಟ್ಟಿಗೆದ್ದ ಮೇಲೆ ಅದು ನಿಂತಿತು.

ನಮ್ಮ ಖಾನಾಪುರದ ಕಾಡಂಚಿನ ಹುಡುಗಿಯನ್ನು ನೆನೆಯಿರಿ. ಮಳೆಗಾಲದಲ್ಲಿ ಹಳ್ಳ ದಾಟಿ ಬಂದು ತೊಯ್ದ ಬಟ್ಟೆಯಲ್ಲೇ ಕೂಡುತ್ತಾಳೆ. ಮನೆಯ ಮಾತು ಒಂದು, ಪುಸ್ತಕದ ಮಾತು ಇನ್ನೊಂದು. ಅವಳ ದೀಪ ನೀಲಿಯಾದರೆ ಕಾರಣ ಹಸಿವೋ, ಚಳಿಯೋ, ತಿಳಿಯದ ಭಾಷೆಯೋ? ಪಟ್ಟಿ ಅದನ್ನು ಹೇಳಲಾರದು. ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಹುಟ್ಟುವ ವಿದ್ಯುತ್ತೇ ಮಿದುಳಿನದನ್ನು ಮುಚ್ಚಿಬಿಡುತ್ತದೆ. ಇಂಥ ಲೆಕ್ಕವನ್ನು ನಂಬಿ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ರಾತ್ರಿಪಾಳಿ ದುಡಿಯುವವನ ಪಗಾರವನ್ನು ನಾಳೆ ಕಡಿದರೆ ಯಾರನ್ನು ಕೇಳೋಣ?

“ಒಪ್ಪಿಗೆ ಪಡೆದೇ ಕಟ್ಟುತ್ತೇವೆ” ಎಂದಾರು. ಕೆಲಸಕ್ಕಾಗಿ ಹತ್ತು ಜನ ಬಾಗಿಲಲ್ಲಿ ಕಾದಿರುವಾಗ ಕೂಲಿಕಾರನ ಒಪ್ಪಿಗೆ ಎಂಥ ಒಪ್ಪಿಗೆ? ನಮ್ಮ ರಾಜ್ಯದಿಂದಲೇ ಹೋದ ಮೊಕದ್ದಮೆಯೊಂದಿದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ತಲೆಗೆ ತಂತಿ ಹಚ್ಚಿ ಒಳಗಿನದನ್ನು ಹೊರತೆಗೆಯುವ ಪರೀಕ್ಷೆಯನ್ನು ಯಾರ ಮೇಲೂ ಬಲವಂತದಿಂದ ನಡೆಸಕೂಡದೆಂದು ಸುಪ್ರೀಂ ಕೋರ್ಟು 2010ರ ಮೇ 5ರಂದು ತೀರ್ಪಿತ್ತಿತು. ಕೊಲೆಯ ಆರೋಪ ಹೊತ್ತವನಿಗೂ ಈ ರಕ್ಷಣೆಯಿದೆ. ಯಾವ ತಪ್ಪೂ ಮಾಡದ ಕೂಲಿಕಾರನಿಗೆ, ಶಾಲೆಯ ಕೂಸಿಗೆ ಅದು ಬೇಡವೇ?

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಶಾಲೆಯಲ್ಲಿ ಮಕ್ಕಳ ಹಣೆಗೆ ಪಟ್ಟಿ ಕಟ್ಟಬಾರದು. ಕಾರ್ಖಾನೆಯಲ್ಲಿ ಕಾರ್ಮಿಕ ಸಂಘದ ಲಿಖಿತ ಒಪ್ಪಂದವಿಲ್ಲದೆ ಅದು ಬರಬಾರದು. ಬಂದರೂ, ಒಲ್ಲೆನೆಂದವನ ಕೆಲಸಕ್ಕೂ ಪಗಾರಕ್ಕೂ ಕುಂದಾಗಬಾರದು. ಪಟ್ಟಿ ಬರೆದ ಲೆಕ್ಕ ಮಾಲೀಕನ ಕೈ ಸೇರಬಾರದು.

ನಾವು ಎಂಟು ತಾಸಿನ ದುಡಿಮೆಯನ್ನು ಮಾರಿದ್ದೇವೆ, ಮನಸ್ಸನ್ನು ಮಾರಿಲ್ಲ. ಈ ಠರಾವನ್ನು ನಿಮ್ಮ ನಿಮ್ಮ ಸಂಘಗಳಲ್ಲಿ, ಶಾಲೆಯ ಪಾಲಕರ ಸಭೆಗಳಲ್ಲಿ ಮಂಡಿಸಿರಿ. ಪಟ್ಟಿ ಬಂದ ಮೇಲೆ ಬಿಚ್ಚಿಸುವುದಕ್ಕಿಂತ ಬಾರದಂತೆ ತಡೆಯುವುದು ಸುಲಭ.